ಸ್ವಂತ ಖಾತೆಯ ದೇವರಮನೆ

1794ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಹಳೆಯದೊಂದು ಕಮ್ಮಾರಸಾಲೆಯನ್ನು ಕುದುರೆಗಳಿಗೆ ಕಟ್ಟಿ, ಇದ್ದ ಹಾಗೆಯೇ ಎಳೆಸಿಕೊಂಡು ಸಿಕ್ಸ್ತ್ ಸ್ಟ್ರೀಟ್ ಮತ್ತು ಲೊಂಬಾರ್ಡ್ ಸ್ಟ್ರೀಟ್ ಕೂಡುವ ಮೂಲೆಗೆ ತಂದು ನಿಲ್ಲಿಸಿದರು. ನಿವೇಶನ ರಿಚರ್ಡ್ ಅಲೆನ್ ಎಂಬ ಕಪ್ಪು ಮನುಷ್ಯನದು. 1760ರಲ್ಲಿ ಗುಲಾಮನಾಗಿ ಹುಟ್ಟಿದವನು. ಸೌದೆ ಕಡಿದು, ಇಟ್ಟಿಗೆಗೂಡಿನಲ್ಲಿ ದುಡಿದು, ಯುದ್ಧಕಾಲದಲ್ಲಿ ಉಪ್ಪಿನ ಗಾಡಿ ಹೊಡೆದು ಒಡೆಯನಿಗೆ ಕಂತಿನಲ್ಲಿ ಹಣ ಕಟ್ಟಿ ತನ್ನನ್ನು ತಾನೇ ಬಿಡಿಸಿಕೊಂಡವನು. ಕಬ್ಬಿಣ ಬಡಿಯುತ್ತಿದ್ದ ಆ ಮಾಡಿನ ಕೆಳಗೆ ಆ ವರ್ಷದ ಜುಲೈನಲ್ಲಿ ಪ್ರಾರ್ಥನೆ ಶುರುವಾಯಿತು. ಅದಕ್ಕೆ ಬೆಥೆಲ್ ಎಂದು ಹೆಸರಿಟ್ಟರು. ಈಗ ಅದು ಮದರ್ ಬೆಥೆಲ್, ತಾಯಿ ಚರ್ಚು. ಅಲೆನ್ 1791ರಲ್ಲಿ ಕೊಂಡ ಆ ನಿವೇಶನ, ಅಮೆರಿಕದಲ್ಲಿ ಕಪ್ಪು ಜನರ ಕೈತಪ್ಪದೆ ಉಳಿದು ಬಂದ ನೆಲಗಳಲ್ಲೇ ಅತ್ಯಂತ ಹಳೆಯದು ಎಂದು ಹೆಸರಾಗಿದೆ.

ಆಫ್ರಿಕನ್ ಅಮೆರಿಕನ್ನರ ಚರ್ಚಿನ ಬಗ್ಗೆ ನೂರು ವರ್ಷಕ್ಕೂ ಮೇಲ್ಪಟ್ಟು ಒಂದು ವಾದ ನಡೆದೇ ಇದೆ. ಚರ್ಚು ಆ ಜನರನ್ನು ಸಮಾಧಾನಪಡಿಸಿ ಮಲಗಿಸಿತೋ, ಎಬ್ಬಿಸಿ ನಿಲ್ಲಿಸಿತೋ? ಎರಡೂ ಕಡೆಗೆ ದೊಡ್ಡ ವಿದ್ವಾಂಸರಿದ್ದಾರೆ, ಎರಡಕ್ಕೂ ಪುರಾವೆಗಳಿವೆ. ಇವನ್ನೆಲ್ಲ ಓದುತ್ತ ಬಂದಂತೆ ನನಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಅನ್ನಿಸಿತು. ಆ ಕಟ್ಟಡ ಯಾರ ಹೆಸರಿನಲ್ಲಿತ್ತು? ಬೀಗದ ಕೈ ಯಾರ ಹತ್ತಿರ ಇತ್ತು? ತಮ್ಮ ಮೈಯೇ ಇನ್ನೊಬ್ಬರ ಆಸ್ತಿಯಾಗಿದ್ದ ಜನಕ್ಕೆ ತಮ್ಮದೇ ಹೆಸರಿನಲ್ಲಿ ನಾಲ್ಕು ಗೋಡೆ ಸಿಕ್ಕಿದ್ದು ಮೊದಲು ಅಲ್ಲಿ. ಆಮೇಲೆ ನಡೆದದ್ದೆಲ್ಲ, ಒಳ್ಳೆಯದೂ ಕೆಟ್ಟದ್ದೂ, ಬಹುಪಾಲು ಅದರಿಂದಲೇ ಹುಟ್ಟಿತು.

ಸ್ವಂತ ಗೋಡೆ ಇಲ್ಲದ ಕಾಲ ಹೇಗಿತ್ತೆಂಬುದನ್ನು ತಿಳಿಯದೆ ಇದು ಅರ್ಥವಾಗುವುದಿಲ್ಲ. ದಕ್ಷಿಣದ ಹತ್ತಿ ತೋಟಗಳಲ್ಲಿ ಗುಲಾಮರು ರಾತ್ರಿ ಕಾಡಿನೊಳಗೆ, ತಗ್ಗಿನಲ್ಲಿ, ಗುಡಿಸಲ ಮೂಲೆಯಲ್ಲಿ ಸೇರಿ ಕದ್ದು ಪ್ರಾರ್ಥಿಸುತ್ತಿದ್ದರು. ಬಾಗಿಲ ಬಳಿ ಕಬ್ಬಿಣದ ಗಡಿಗೆಯೊಂದನ್ನು ಮಗುಚಿ ಇಡುತ್ತಿದ್ದರಂತೆ, ಹಾಡಿದ ದನಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ. ಒದ್ದೆ ಮಾಡಿದ ಕೌದಿಗಳನ್ನು ಸುತ್ತ ನೇತುಹಾಕಿ ಅವುಗಳ ನಡುವೆ ಕೂತು ಮಾತಾಡುತ್ತಿದ್ದರು. ಬಿಡುಗಡೆಯಾದ ಮೇಲೆ ಮುದುಕರಾಗಿದ್ದವರು ತಾವೇ ಹೇಳಿ ಬರೆಸಿದ ನೆನಪುಗಳಲ್ಲಿ ಈ ಗಡಿಗೆಯ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆಯರ ಕಡೆಯ ಬೋಧಕರು ಹೇಳುತ್ತಿದ್ದುದು ಒಡೆಯನಿಗೆ ವಿಧೇಯನಾಗಿರು ಎಂಬ ಪಾಠವನ್ನು. ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲಿನಲ್ಲಿ ಮೋಶೆ ತನ್ನ ಜನರನ್ನು ಈಜಿಪ್ಟಿನಿಂದ ಬಿಡಿಸಿಕೊಂಡು ಹೋಗುವ ಭಾಗವನ್ನೇ ಕಿತ್ತುಹಾಕಿದ್ದರು. ಗುಲಾಮರು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡದ್ದು ಅದೇ ಕಥೆಯನ್ನು. ಆಲ್ಬರ್ಟ್ ರಾಬೊಟೊ 1978ರಲ್ಲಿ ಬರೆದ ಪುಸ್ತಕ ಈ ಕದ್ದುಮುಚ್ಚಿದ ಧರ್ಮದ ಬಗ್ಗೆ ಇಂದಿಗೂ ಮೊದಲು ಓದಬೇಕಾದದ್ದು.

ಉತ್ತರದ ಫಿಲಡೆಲ್ಫಿಯಾದಲ್ಲಿ ಸ್ವತಂತ್ರರಾದ ಕಪ್ಪು ಜನ ಇದ್ದರು, ಅವಮಾನವೂ ಇತ್ತು. ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಅಲೆನ್ ಬೋಧಿಸುತ್ತಿದ್ದ. ಅವನ ಮಾತು ಕೇಳಲು ಕಪ್ಪು ಜನ ಹೆಚ್ಚಾದಂತೆ ಅವರನ್ನು ಗೋಡೆಯ ಬದಿಗೆ, ಆಮೇಲೆ ಮಹಡಿಗೆ ಕಳಿಸಿದರು. ಒಂದು ಭಾನುವಾರ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ಚರ್ಚಿನ ಮೇಲ್ವಿಚಾರಕನೊಬ್ಬ ಬಂದು ಅಲೆನ್‌ನ ಗೆಳೆಯ ಅಬ್ಸಲೋಂ ಜೋನ್ಸ್‌ನನ್ನು ಹಿಡಿದೆಬ್ಬಿಸತೊಡಗಿದ. ಪ್ರಾರ್ಥನೆ ಮುಗಿಯುವ ತನಕ ತಾಳಿ ಎಂದು ಜೋನ್ಸ್ ಕೇಳಿಕೊಂಡರೂ ಬಿಡಲಿಲ್ಲ. ಪ್ರಾರ್ಥನೆ ಮುಗಿಯುತ್ತಲೇ ಅವರೆಲ್ಲ ಒಟ್ಟಾಗಿ ಎದ್ದು ಹೊರನಡೆದರು. ಇದು ನಡೆದದ್ದು 1787ರಲ್ಲಿ ಎಂದು ಹಿಂದೆ ಹೇಳುತ್ತಿದ್ದರು, 1792 ಎಂಬುದು ಈಚಿನ ಹಲವು ಇತಿಹಾಸಕಾರರ ಮತ. ವರ್ಷ ಯಾವುದಾದರೂ ಇರಲಿ, ಆ ಚರ್ಚಿನ ಕಟ್ಟಡದ ಕೆಲಸಕ್ಕೆ ಅವರೂ ಹಣ ಕೊಟ್ಟಿದ್ದರು, ಮೈಮುರಿದು ದುಡಿದಿದ್ದರು. ಹಣ ಕೊಟ್ಟರೂ ಮನೆ ತಮ್ಮದಾಗುವುದಿಲ್ಲ ಎಂಬುದು ಅವರಿಗೆ ಅಂದು ಖಚಿತವಾಯಿತು.

ಚರ್ಚಿಗಿಂತ ಮೊದಲೇ ಅವರು ಕಟ್ಟಿಕೊಂಡಿದ್ದ ಒಂದು ಸಂಘವಿತ್ತು, 1787ರ ಫ್ರೀ ಆಫ್ರಿಕನ್ ಸೊಸೈಟಿ. ಸದಸ್ಯರು ತಿಂಗಳಿಗೊಂದು ಬೆಳ್ಳಿ ಶಿಲಿಂಗ್ ಹಾಕಬೇಕು. ಆ ಹಣದಿಂದ ಕಾಯಿಲೆ ಬಿದ್ದವರಿಗೆ, ವಿಧವೆಯರಿಗೆ, ತಬ್ಬಲಿ ಮಕ್ಕಳಿಗೆ ನೆರವು. 1793ರಲ್ಲಿ ಊರಿಗೆ ಹಳದಿ ಜ್ವರ ಬಂತು. ಸುಮಾರು 50 ಸಾವಿರ ಜನರಿದ್ದ ನಗರದಲ್ಲಿ ಹತ್ತಿರ ಹತ್ತಿರ 5 ಸಾವಿರ ಮಂದಿ ಸತ್ತರು. ಉಳ್ಳವರು ಊರು ಬಿಟ್ಟರು. ಕಪ್ಪು ಜನಕ್ಕೆ ಈ ಜ್ವರ ತಗಲುವುದಿಲ್ಲ ಎಂದು ತಪ್ಪಾಗಿ ನಂಬಿದ್ದ ವೈದ್ಯ ಬೆಂಜಮಿನ್ ರಶ್ ಆ ಜನರ ಸಹಾಯ ಕೇಳಿದ. ಅಲೆನ್ ಮತ್ತು ಜೋನ್ಸ್ ತಮ್ಮವರನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡಿದರು, ಹೆಣ ಹೊತ್ತರು. ಅಲೆನ್‌ಗೇ ಜ್ವರ ತಗಲಿ ಸಾವಿನ ದವಡೆಯಿಂದ ಪಾರಾದ. ಎಲ್ಲ ಮುಗಿದ ಮೇಲೆ ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕ, ಕಪ್ಪು ದಾದಿಯರು ಹಣ ಸುಲಿದರು, ಕದ್ದರು ಎಂದು ಬರೆದ. 1794ರಲ್ಲಿ ಅಲೆನ್ ಮತ್ತು ಜೋನ್ಸ್ ಒಂದು ಪುಸ್ತಿಕೆ ಅಚ್ಚು ಹಾಕಿಸಿ, ಬಂದದ್ದೆಷ್ಟು, ಶವಪೆಟ್ಟಿಗೆಗಳಿಗೂ ಕೂಲಿಗೂ ಖರ್ಚಾದದ್ದೆಷ್ಟು ಎಂಬುದನ್ನು ಲೆಕ್ಕಸಮೇತ ಮುಂದಿಟ್ಟರು. ಈ ಚರ್ಚಿನ ಕಥೆಯಲ್ಲಿ ನನ್ನನ್ನು ಹೆಚ್ಚು ತಟ್ಟಿದ ಸಂಗತಿ ಇದು. ಹೆಣ ಹೊತ್ತವರೇ ಲೆಕ್ಕ ಒಪ್ಪಿಸಬೇಕಾಯಿತು, ಅದನ್ನೂ ತಲೆಯೆತ್ತಿ ಒಪ್ಪಿಸಿದರು.

ಬೆಥೆಲ್ ಎದ್ದು ನಿಂತ ಮೇಲೂ ಅದು ಪೂರ್ತಿ ತಮ್ಮದಲ್ಲ ಎಂಬುದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು. 1796ರಲ್ಲಿ ಕಾಗದಪತ್ರ ಮಾಡಿಸುವಾಗ ಬಿಳಿಯ ಮೆಥಡಿಸ್ಟ್ ಹಿರಿಯನೊಬ್ಬ ಕರಡು ಬರೆದುಕೊಟ್ಟಿದ್ದ. ಆಸ್ತಿಯ ಮೇಲಿನ ಹಕ್ಕು ಬಿಳಿಯರ ಆಡಳಿತಕ್ಕೆ ಸೇರುವಂತೆ ಅದರಲ್ಲಿ ಬರೆದಿತ್ತು. ತಿಳಿದ ತಕ್ಷಣ ಬೆಥೆಲಿನವರು 1807ರಲ್ಲಿ ತಿದ್ದುಪಡಿ ಮಾಡಿಸಿದರು. ಬಿಳಿಯರ ಕಡೆಯವರು ಪಟ್ಟು ಬಿಡಲಿಲ್ಲ. 1815ರಲ್ಲಿ ಕಟ್ಟಡ ಹರಾಜಿಗೆ ಬಂತು. ಅಲೆನ್ ಹತ್ತು ಸಾವಿರ ಡಾಲರಿಗೂ ಮೇಲೆ ಕೂಗಿ ತಾವೇ ಕಟ್ಟಿದ ಚರ್ಚನ್ನು ತಾನೇ ಮತ್ತೆ ಕೊಳ್ಳಬೇಕಾಯಿತು. ಆ ವರ್ಷದ ಕೊನೆಯ ದಿನ ಬಿಳಿಯ ಪಾದ್ರಿಯೊಬ್ಬ ಅಧಿಕಾರ ಸ್ಥಾಪಿಸಲು ಬೋಧಿಸುವುದಕ್ಕೆಂದು ಒಳಬಂದ. ಸಾಲುಬೆಂಚುಗಳ ನಡುವಿನ ದಾರಿಯಲ್ಲಿ ಜನ ಒತ್ತೊತ್ತಾಗಿ ನಿಂತುಬಿಟ್ಟರು. ಅವನಿಗೆ ಪೀಠದ ತನಕ ಹೋಗಲು ಆಗಲೇ ಇಲ್ಲ. ಮರುದಿನ, 1816ರ ಜನವರಿ 1ರಂದು, ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಬೆಥೆಲಿನ ಪರ ತೀರ್ಪಿತ್ತಿತು. ಅದೇ ವರ್ಷ ಹಲವು ಊರುಗಳ ಕಪ್ಪು ಸಭೆಗಳು ಒಂದಾಗಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು, ಎಂದರೆ ಎ.ಎಂ.ಇ., ಹುಟ್ಟಿತು. ಅಲೆನ್ ಅದರ ಮೊದಲ ಬಿಷಪ್.

ಗೋಡೆ ಸ್ವಂತದ್ದಾದ ಕೂಡಲೇ ಒಳಗಿನ ಮಾತೂ ಬೇರೆಯಾಯಿತು. ಸ್ವತಂತ್ರ ಕಪ್ಪು ಜನರನ್ನು ಆಫ್ರಿಕಕ್ಕೆ ಸಾಗಹಾಕಬೇಕೆಂಬ ಯೋಜನೆ ಹುಟ್ಟಿದಾಗ, 1817ರ ಜನವರಿಯಲ್ಲಿ ಸುಮಾರು 3 ಸಾವಿರ ಜನ ಇದೇ ಬೆಥೆಲಿನಲ್ಲಿ ಸೇರಿ ಒಕ್ಕೊರಲಿನಿಂದ ಬೇಡ ಎಂದರು. 1830ರಲ್ಲಿ ಕಪ್ಪು ಅಮೆರಿಕನ್ನರ ಮೊದಲ ರಾಷ್ಟ್ರೀಯ ಸಮಾವೇಶ ನಡೆದದ್ದೂ ಅಲ್ಲಿಯೇ.

ದಕ್ಷಿಣದಲ್ಲಿ ಇದೇ ಹಟಕ್ಕೆ ತೆತ್ತ ಬೆಲೆಯೇ ಬೇರೆ. ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಲ್ಲಿ ಮಾರಿಸ್ ಬ್ರೌನ್ ಮುಂದಾಳಾಗಿ ಕಪ್ಪು ಸದಸ್ಯರು ಬಿಳಿಯರ ಚರ್ಚುಗಳಿಂದ ಸಾವಿರಗಟ್ಟಲೆ ಹೊರಬಂದು ತಮ್ಮದೇ ಚರ್ಚು ಮಾಡಿಕೊಂಡರು. ಅದೇ ಮುಂದೆ ಮದರ್ ಇಮ್ಯಾನ್ಯುಯೆಲ್ ಎನಿಸಿತು. 1818ರಲ್ಲೇ ಪೊಲೀಸರು ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದರು. 1822ರಲ್ಲಿ ಡೆನ್ಮಾರ್ಕ್ ವೀಸಿ ಎಂಬ ಬಡಗಿ ದಂಗೆಗೆ ಹೊಂಚು ಹಾಕಿದ್ದಾನೆಂದು ಆರೋಪ ಬಂತು. ಲಾಟರಿಯಲ್ಲಿ 1,500 ಡಾಲರ್ ಗೆದ್ದು, ಅದರಲ್ಲಿ 600 ಕೊಟ್ಟು ತನ್ನ ಬಿಡುಗಡೆ ಕೊಂಡಿದ್ದವನು ಅವನು, ಈ ಚರ್ಚಿನ ಸದಸ್ಯ. 35 ಜನರನ್ನು ನೇಣಿಗೇರಿಸಿದರು. ಚರ್ಚನ್ನು ನೆಲಸಮ ಮಾಡಿದರು. ಹೊಂಚು ನಿಜಕ್ಕೂ ಇತ್ತೋ, ಹೆದರಿದ ನ್ಯಾಯಾಧೀಶರು ಹಿಂಸೆ ಕೊಟ್ಟು ಹೇಳಿಸಿದ್ದೋ ಎಂದು 2001ರಲ್ಲಿ ಮೈಕೆಲ್ ಜಾನ್ಸನ್ ಎಂಬ ಇತಿಹಾಸಕಾರ ಎತ್ತಿದ ಪ್ರಶ್ನೆಯ ಮೇಲೆ ಇನ್ನೂ ಜಗಳ ನಿಂತಿಲ್ಲ. ಅಧಿಕಾರದಲ್ಲಿದ್ದವರ ಹೆದರಿಕೆಯಂತೂ ಸುಳ್ಳಲ್ಲ. ತಮ್ಮ ಕಣ್ಣು ಕಿವಿ ಇಲ್ಲದ ಕಡೆ ಗುಲಾಮರು ಕೂಡುತ್ತಾರೆ, ಓದುತ್ತಾರೆ ಎಂಬುದೇ ಅವರಿಗೆ ದಂಗೆಯಾಗಿತ್ತು. 1834ರಲ್ಲಿ ಅಲ್ಲಿ ಕಪ್ಪು ಚರ್ಚುಗಳನ್ನೇ ಕಾನೂನುಬಾಹಿರ ಮಾಡಿದರು. ಮೂವತ್ತು ವರ್ಷ ಸಭೆ ಗುಟ್ಟಾಗಿ ನಡೆಯಿತು. 1865ರಲ್ಲಿ ಅಂತರ್ಯುದ್ಧ ಮುಗಿದು ಮತ್ತೆ ಚರ್ಚು ಕಟ್ಟಿದಾಗ ಅದರ ನಕ್ಷೆ ಮಾಡಿಕೊಟ್ಟವನು ನೇಣುಗಂಬ ಏರಿದ ಡೆನ್ಮಾರ್ಕ್ ವೀಸಿಯ ಮಗ ರಾಬರ್ಟ್. ಆ ಕಟ್ಟಡ 1886ರ ಭೂಕಂಪದಲ್ಲಿ ಹಾಳಾಯಿತು. ಈಗಿರುವುದು 1891ರದು.

ಗುಲಾಮಗಿರಿ ಹೋದ ಮೇಲಿನ ಐವತ್ತು ವರ್ಷಗಳಲ್ಲಿ ಚರ್ಚು ಮಾಡದ ಕೆಲಸವಿಲ್ಲ. ಅಟ್ಲಾಂಟದ ಸ್ಪೆಲ್ಮನ್ ಕಾಲೇಜು 1881ರಲ್ಲಿ ಶುರುವಾದದ್ದು ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಓದಿದ ಮೋರ್‌ಹೌಸ್ ಕಾಲೇಜು 1867ರಲ್ಲಿ ಹುಟ್ಟಿದ್ದು ಆಗಸ್ಟಾ ಊರಿನ ಸ್ಪ್ರಿಂಗ್‌ಫೀಲ್ಡ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ. ಓಹಾಯೊದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯವನ್ನು ಎ.ಎಂ.ಇ. ಬಿಷಪ್ ಡೇನಿಯಲ್ ಪೇನ್ 1863ರಲ್ಲಿ ಚರ್ಚಿಗೆ ಕೊಂಡುಕೊಟ್ಟ. ಊರಿನಲ್ಲಿ ಬೇರೆ ಸಭಾಭವನ ಇಲ್ಲ, ವಾಚನಾಲಯ ಇಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಎಲ್ಲಕ್ಕೂ ಇರುವುದು ಒಂದೇ ಮಾಡು. ಸಮಾಜಶಾಸ್ತ್ರಜ್ಞ ದು ಬಾಯ್ಸ್ ಫಿಲಡೆಲ್ಫಿಯಾದ ಕಪ್ಪು ಬಡಾವಣೆಗಳನ್ನು ಮನೆಮನೆ ಸುತ್ತಿ ಬರೆದ 1899ರ ಗ್ರಂಥದಲ್ಲಿ ಚರ್ಚನ್ನು ಒಂದು ಇಡೀ ಊರಿನ ಹಾಗೆ ಕಂಡ. ಆಗ ಆ ನಗರದಲ್ಲಿದ್ದ 55 ಕಪ್ಪು ಚರ್ಚುಗಳ ಆಸ್ತಿ ಸುಮಾರು 9 ಲಕ್ಷ ಡಾಲರ್ ಎಂದು ಲೆಕ್ಕ ಹಾಕಿದ. ಬಟ್ಟೆ ಒಗೆಯುವವರು, ಅಡುಗೆಯವರು, ಗಾಡಿ ಹೊಡೆಯುವವರು ಬಿಡಿಗಾಸು ಕೂಡಿಸಿ ಮಾಡಿದ ಆಸ್ತಿ ಅದು.

ಇ. ಫ್ರಾಂಕ್ಲಿನ್ ಫ್ರೇಜಿಯರ್ ಎಂಬ ಸಮಾಜಶಾಸ್ತ್ರಜ್ಞನ ಕಣ್ಣಿಗೆ ಇದು ದೇಶದೊಳಗಿನ ದೇಶದಂತೆ ಕಂಡಿತು. ಆದರೆ ಆ ಪುಟ್ಟ ದೇಶದಲ್ಲಿ ಪಾಸ್ಟರೇ ದೊರೆ, ಪ್ರಶ್ನಿಸುವ ಅಭ್ಯಾಸ ಬೆಳೆಯಲಿಲ್ಲ, ಜನ ಹೊರಗಿನ ವಿಶಾಲ ಸಮಾಜಕ್ಕೆ ಬೆರೆಯಲು ಅದು ಅಡ್ಡಿಯಾಯಿತು ಎಂದು ಖಾರವಾಗಿ ಬರೆದ. ದೂರಿನಲ್ಲಿ ನಿಜವಿದೆ. ಅದರ ದೊಡ್ಡ ಸಾಕ್ಷಿ ಹೆಂಗಸರು. ಬೆಂಚು ತುಂಬುತ್ತಿದ್ದವರಲ್ಲಿ ಅವರೇ ಹೆಚ್ಚು, ಹಣ ಎತ್ತುತ್ತಿದ್ದವರೂ ಅವರೇ, ಪೀಠ ಮಾತ್ರ ಗಂಡಸರದು. ಜರೀನಾ ಲೀ ಎಂಬಾಕೆ ಬೋಧಿಸಲು ಅನುಮತಿ ಕೇಳಿದಾಗ ಅಲೆನ್ ಮೊದಲು ಆಗದು ಎಂದ. 1819ರ ಹೊತ್ತಿಗೆ, ಬೆಥೆಲಿನಲ್ಲಿ ಆಕೆ ಇದ್ದಕ್ಕಿದ್ದಂತೆ ಎದ್ದು ಮಾತಾಡಿದ್ದನ್ನು ಕೇಳಿ, ಒಪ್ಪಿದ. ಅದೇ ಎ.ಎಂ.ಇ. ತನ್ನ ಮೊದಲ ಮಹಿಳಾ ಬಿಷಪ್ ವಾಷ್ಟಿ ಮೆಕೆಂಜಿ ಅವರನ್ನು ಆರಿಸಿದ್ದು 2000ರಲ್ಲಿ. ನಡುವೆ 181 ವರ್ಷ. ಎವೆಲಿನ್ ಬ್ರೂಕ್ಸ್ ಹಿಗಿನ್‌ಬಾಥಮ್ 1993ರಲ್ಲಿ ಬ್ಯಾಪ್ಟಿಸ್ಟ್ ಹೆಂಗಸರ ಬಗ್ಗೆ ಬರೆದ ಪುಸ್ತಕ ಬರುವ ತನಕ ಈ ಚರಿತ್ರೆಯನ್ನು ಪಾಸ್ಟರುಗಳ ಚರಿತ್ರೆ ಎಂದೇ ಓದುತ್ತಿದ್ದರು.

ಖಾತೆಯ ಮಾತು ನಿಜವಾಗಿ ಕೆಲಸಕ್ಕೆ ಬಂದದ್ದು 1950ರ ದಶಕದಲ್ಲಿ. ಚಾರ್ಲ್ಸ್‌ಟನ್ನಿನ ಶಿಕ್ಷಕಿ ಸೆಪ್ಟಿಮಾ ಕ್ಲಾರ್ಕ್ ನಾಗರಿಕ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸದಸ್ಯತ್ವ ಬಿಡಲು ಒಪ್ಪದ್ದಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡರು. ಸರ್ಕಾರದ ಸಂಬಳ ತಿನ್ನುವವರ ಬಾಯಿ ಕಟ್ಟುವುದು ಅಷ್ಟು ಸುಲಭ. ಪಾಸ್ಟರನ ಸಂಬಳ ಬರುವುದು ಸಭೆಯವರ ಕಾಣಿಕೆಯಿಂದ, ಅವನನ್ನು ಕೆಲಸದಿಂದ ತೆಗೆಯಲು ಬಿಳಿಯ ಅಧಿಕಾರಿಗೆ ಆಗುವುದಿಲ್ಲ. ಅದೇ ವರ್ಷ ಅಲಬಾಮಾದಲ್ಲಿ ಎನ್‌ಎಎಸಿಪಿಯನ್ನೇ ನಿಷೇಧಿಸಿದಾಗ ಫ್ರೆಡ್ ಷಟಲ್ಸ್‌ವರ್ತ್ ಎಂಬ ಪಾಸ್ಟರ್ ಕೆಲವೇ ದಿನಗಳಲ್ಲಿ ಚರ್ಚೊಂದರಲ್ಲಿ ಜನ ಸೇರಿಸಿ ಹೊಸ ಸಂಘಟನೆ ಕಟ್ಟಿದ. ಆಲ್ಡನ್ ಮಾರಿಸ್ ಎಂಬ ಸಮಾಜಶಾಸ್ತ್ರಜ್ಞ 1984ರ ತನ್ನ ಪುಸ್ತಕದಲ್ಲಿ ಈ ಅಂಶವನ್ನೇ ಹಿಡಿದು, ಚಳವಳಿ ತಾನಾಗಿ ಉಕ್ಕಿದ್ದಲ್ಲ, ಚರ್ಚುಗಳ ಹಣ, ಜಾಗ, ಜನಬಳಕೆಯ ಮೇಲೆ ನಿಂತದ್ದು ಎಂದು ತೋರಿಸಿಕೊಟ್ಟ. ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಅದು.

ಮಾಂಟ್ಗೊಮರಿಯ ಬಸ್ ಬಹಿಷ್ಕಾರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಸ್ಸಿನೊಳಗಿನ ವರ್ಣಭೇದ ಒಪ್ಪದೆ 1955ರ ಡಿಸೆಂಬರ್ 5ರಿಂದ 381 ದಿನ ಕಪ್ಪು ಜನ ಬಸ್ ಹತ್ತಲಿಲ್ಲ. ಕೆಲಸಕ್ಕೆ ಹೋಗುವವರನ್ನು ಸಾಗಿಸಲು ಸ್ಟೇಷನ್ ವ್ಯಾಗನ್ ಕಾರುಗಳನ್ನು ಕೊಂಡು ಚರ್ಚುಗಳ ಹೆಸರಿಗೆ ನೋಂದಾಯಿಸಿದರು. ಬದಿಯಲ್ಲಿ ಚರ್ಚಿನ ಹೆಸರು ಬರೆಸಿದ ಆ ಕಾರುಗಳಿಗೆ ಜನ ಉರುಳುವ ಚರ್ಚುಗಳೆಂದು ಹೆಸರಿಟ್ಟರು. ಪೆಟ್ರೋಲಿಗೆ ಹಣ ಬೇಕಲ್ಲ? ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು ಕೇಕು, ಪೈ, ಕರಿದ ಕೋಳಿ ಮಾಡಿ ಮನೆಮನೆಗೆ, ಕೇಶಾಲಂಕಾರದ ಅಂಗಡಿಗಳಿಗೆ ಮಾರಿದಳು. ಹಣ ಕೊಟ್ಟವರ ಹೆಸರು ಹೊರಬಿದ್ದರೆ ಕೂಲಿ ಹೋಗುತ್ತದೆ. ಅದಕ್ಕೇ ತಮ್ಮ ಗುಂಪಿಗೆ ಅವಳಿಟ್ಟ ಹೆಸರು, ಎಲ್ಲಿಂದಲೂ ಅಲ್ಲದ ಕ್ಲಬ್ಬು. ವಾರದ ಸಭೆಯಲ್ಲಿ ಹಣ ತಂದೊಪ್ಪಿಸಿದಾಗ ಎಲ್ಲಿಂದ ಬಂತೆಂದು ಕೇಳಿದರೆ, ಎಲ್ಲಿಂದಲೂ ಅಲ್ಲ ಎಂಬುದೇ ಉತ್ತರ, ಮತ್ತು ಅದು ಸುಳ್ಳಲ್ಲ.

ಶತ್ರುಗಳಿಗೂ ಈ ಕಟ್ಟಡಗಳ ಬೆಲೆ ಗೊತ್ತಿತ್ತು. ಅಲಬಾಮಾದ ಬರ್ಮಿಂಗ್‌ಹ್ಯಾಮಿನ 16ನೇ ಬೀದಿ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲಿನಿಂದಲೇ 1963ರ ಮೇ 2ರಂದು ಶಾಲಾಮಕ್ಕಳು ಸಾಲುಸಾಲಾಗಿ ಮೆರವಣಿಗೆ ಹೊರಟು ಜೈಲು ತುಂಬಿದ್ದು. ಮರುದಿನದಿಂದ ಅವರ ಮೇಲೆ ನಾಯಿ ಬಿಟ್ಟರು, ಅಗ್ನಿಶಾಮಕದ ನೀರು ಹಾಯಿಸಿದರು. ಸೆಪ್ಟೆಂಬರ್ 15ರ ಭಾನುವಾರ ಬೆಳಿಗ್ಗೆ 10.22ಕ್ಕೆ ಅಲ್ಲಿ ಬಾಂಬ್ ಸಿಡಿಯಿತು. ನೆಲಮಾಳಿಗೆಯಲ್ಲಿ ಪ್ರಾರ್ಥನೆಗೆ ಅಣಿಯಾಗುತ್ತಿದ್ದ ನಾಲ್ಕು ಹುಡುಗಿಯರು ಸತ್ತರು. ಆಡಿ ಮೇ ಕಾಲಿನ್ಸ್, ಕ್ಯಾರಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ, ಮೂವರಿಗೂ 14. ಡೆನಿಸ್ ಮೆಕ್‌ನೇರ್‌ಗೆ 11. ಮೊದಲ ಅಪರಾಧಿಗೆ ಶಿಕ್ಷೆಯಾದದ್ದು 1977ರಲ್ಲಿ, ಕೊನೆಯವನಿಗೆ 2002ರಲ್ಲಿ. ದೂರದ ವೇಲ್ಸ್ ದೇಶದ ಜನ ಚಂದಾ ಎತ್ತಿ ಒಂದು ಬಣ್ಣದ ಗಾಜಿನ ಕಿಟಕಿ ಮಾಡಿಸಿ ಕಳಿಸಿದರು. ಸಿರಿವಂತನೊಬ್ಬನೇ ಕೊಟ್ಟನೆಂದಾಗಬಾರದು ಎಂದು ಒಬ್ಬರಿಂದ ಅರ್ಧ ಕ್ರೌನಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ತೋಳು ಚಾಚಿದ ಕಪ್ಪು ಕ್ರಿಸ್ತನ ಚಿತ್ರವಿರುವ ಆ ಕಿಟಕಿ ಇಂದಿಗೂ ಅಲ್ಲಿದೆ.

ಎಲ್ಲ ಚರ್ಚುಗಳೂ ಬೀದಿಗಿಳಿದವೆಂದು ತಿಳಿಯಬಾರದು. ದೇಶದ ಅತಿ ದೊಡ್ಡ ಕಪ್ಪು ಬ್ಯಾಪ್ಟಿಸ್ಟ್ ಒಕ್ಕೂಟದ ಅಧ್ಯಕ್ಷ ಜೋಸೆಫ್ ಜಾಕ್ಸನ್ ಕಾನೂನುಭಂಗದ ಹೋರಾಟವನ್ನು ವಿರೋಧಿಸಿದರು. 1961ರಲ್ಲಿ ಕಿಂಗ್ ಬಳಗದವರು ಬೇರೆ ಒಕ್ಕೂಟವನ್ನೇ ಮಾಡಿಕೊಳ್ಳಬೇಕಾಯಿತು. ಸ್ವಂತ ಆಸ್ತಿ ಧೈರ್ಯ ಕೊಡುವಂತೆಯೇ ಅದನ್ನು ಕಳೆದುಕೊಳ್ಳುವ ಭಯವನ್ನೂ ಕೊಡುತ್ತದೆ. ಎಷ್ಟೋ ಕಡೆ ಭಯವೇ ಗೆದ್ದಿತು.

ನಮ್ಮ ದೇಶಕ್ಕೆ ನಂಟಿರುವ ಒಂದು ಸಂಗತಿ ಇಲ್ಲಿ ಹೇಳಲೇಬೇಕು. 1959ರಲ್ಲಿ ಕಿಂಗ್ ದಂಪತಿ ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಗೆ ಹೋದರು. ಮಕ್ಕಳು ಹೆಚ್ಚಾಗಿ ದಲಿತರು. ಮುಖ್ಯೋಪಾಧ್ಯಾಯರು ಕಿಂಗ್ ಅವರನ್ನು ಅಮೆರಿಕದಿಂದ ಬಂದ ನಮ್ಮಂಥವನೇ ಆದ ಅಸ್ಪೃಶ್ಯ ಎಂದು ಪರಿಚಯಿಸಿದರು. ಕಿಂಗ್‌ಗೆ ಮೊದಲು ಆಘಾತವೇ ಆಯಿತು. ಆಮೇಲೆ ತಮ್ಮ ಜನರ ಸ್ಥಿತಿಯನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. ಇದನ್ನು ಅವರು 1965ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಅಟ್ಲಾಂಟದ ಎಬೆನೀಜರ್ ಚರ್ಚಿನ ಪೀಠದಿಂದ ಹೇಳಿದರು. ದೇವಸ್ಥಾನದ ಹೊಸ್ತಿಲಿನಿಂದ ಆಚೆ ನಿಲ್ಲಿಸಲ್ಪಟ್ಟವರ ಚರಿತ್ರೆ ಬಲ್ಲ ನಮಗೆ ಸೇಂಟ್ ಜಾರ್ಜ್ ಚರ್ಚಿನ ಮಹಡಿ ಪರಕೀಯವೇನಲ್ಲ.

2015ರ ಜೂನ್ 17, ಬುಧವಾರ ಸಂಜೆ. ಚಾರ್ಲ್ಸ್‌ಟನ್ನಿನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಕೂತಿದ್ದವರ ನಡುವೆ 21 ವರ್ಷದ ಬಿಳಿಯ ಯುವಕನೊಬ್ಬ ಬಂದ. ಅವರು ಅವನಿಗೆ ಕೂರಲು ಜಾಗ ಕೊಟ್ಟರು. ಸುಮಾರು ಒಂದು ಗಂಟೆ ಜೊತೆಗಿದ್ದು, ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಗುಂಡು ಹಾರಿಸಿದ. ರಾಜ್ಯದ ಸೆನೆಟರೂ ಆಗಿದ್ದ ಪಾಸ್ಟರ್ ಕ್ಲೆಮೆಂಟಾ ಪಿಂಕ್ನಿ ಸೇರಿ ಒಂಬತ್ತು ಜನ ಸತ್ತರು. ಹಿರಿಯಾಕೆ ಸೂಸಿ ಜಾಕ್ಸನ್‌ಗೆ 87, ಕಿರಿಯ ಟೈವಾನ್ಜಾ ಸ್ಯಾಂಡರ್ಸ್‌ಗೆ 26. ಎರಡೇ ದಿನಕ್ಕೆ ನ್ಯಾಯಾಲಯದಲ್ಲಿ ಸತ್ತವರ ಕೆಲವು ಬಂಧುಗಳು ಕ್ಷಮಿಸಿದ್ದೇವೆ ಎಂದರು. ಜಗತ್ತೆಲ್ಲ ಅದನ್ನು ಕೊಂಡಾಡಿತು. ನಾನು ಕ್ಷಮಿಸಲಾರೆ, ಕ್ಷಮೆಯನ್ನು ಯಾವಾಗಲೂ ಕಪ್ಪು ಜನರಿಂದಲೇ ಬಯಸುವುದೇಕೆ ಎಂಬರ್ಥದಲ್ಲಿ ಲೇಖಕಿ ರೊಕ್ಸೇನ್ ಗೇ ಬರೆದರು. ಆ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಸಾಧ್ಯವಿಲ್ಲ. ಕ್ಷಮಿಸಿದವರ ದೊಡ್ಡತನ ಅವರದು, ಅದು ನೋಡುವವರಿಗೆ ನೆಮ್ಮದಿಯ ಸಾಮಗ್ರಿಯಾಗಬಾರದು. ಈ ಹತ್ಯೆಗಳ ಬೆನ್ನಲ್ಲೇ, ಜುಲೈ 10ರಂದು ಸೌತ್ ಕ್ಯಾರೊಲೈನಾದ ಶಾಸನಸಭೆಯ ಅಂಗಳದಿಂದ, ಗುಲಾಮಗಿರಿಯ ಪರ ಹೋರಾಡಿದ ಕಾನ್ಫೆಡರೇಟ್ ಬಾವುಟ ಕೆಳಗಿಳಿಯಿತು.

ಇಂದು ಗುಂಡಿಗಿಂತ ಮೆಲ್ಲಗೆ ಬರುವ ಅಪಾಯ ಬೇರೆ ಇದೆ. ಹಳೆಯ ಬಡಾವಣೆಗಳ ಜಾಗದ ಬೆಲೆ ಏರಿ ಸದಸ್ಯರು ಉಪನಗರಗಳಿಗೆ ಚದುರಿದ್ದಾರೆ. ನೂರು ವರ್ಷದ ಕಟ್ಟಡದ ಸೂರು ಸೋರುತ್ತದೆ, ಕೊಳ್ಳುವವರು ಬಾಗಿಲಲ್ಲೇ ಇದ್ದಾರೆ. 2021ರ ಪ್ಯೂ ಸಮೀಕ್ಷೆಯಂತೆ ಪ್ರಾರ್ಥನೆಗೆ ಹೋಗುವ ಕಪ್ಪು ವಯಸ್ಕರಲ್ಲಿ ಶೇ. 60ರಷ್ಟು ಜನ ಕಪ್ಪು ಸಭೆಗಳಿಗೇ ಹೋಗುತ್ತಾರೆ, ಎಳೆಯರಲ್ಲಿ ಆ ರೂಢಿ ಸಡಿಲವಾಗುತ್ತಿದೆ. 2010ರಲ್ಲೇ ಎಡ್ಡಿ ಗ್ಲಾಡ್ ಎಂಬ ವಿದ್ವಾಂಸ ಕಪ್ಪು ಚರ್ಚು ಸತ್ತಿದೆ ಎಂದು ಬರೆದು ಗದ್ದಲ ಎಬ್ಬಿಸಿದ್ದರು. ಸತ್ತಿಲ್ಲ. 2021ರ ಜನವರಿಯಲ್ಲಿ ಎಬೆನೀಜರ್‌ನ ಪಾಸ್ಟರ್ ರಫಾಯೆಲ್ ವಾರ್ನಾಕ್ ಜಾರ್ಜಿಯಾದಿಂದ ಅಮೆರಿಕದ ಸೆನೆಟ್ಟಿಗೆ ಆರಿಸಿ ಬಂದರು. ಆದರೆ ಕಟ್ಟಡ ಮಾರಿಹೋದ ಮೇಲೆ ನೆನಪು ಎಷ್ಟು ದಿನ ನಿಂತೀತು? 2022ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ಎಂಬ ಪಾರಂಪರಿಕ ಕಟ್ಟಡಗಳ ಸಂಸ್ಥೆ ಕಪ್ಪು ಚರ್ಚುಗಳ ದುರಸ್ತಿಗೆಂದೇ 2 ಕೋಟಿ ಡಾಲರ್‌ಗಳ ನಿಧಿ ಆರಂಭಿಸಿತು. ಬೇಕಾದುದರ ಮುಂದೆ ಅದು ಚಿಕ್ಕ ಮೊತ್ತ.

ಮಕ್ಕಳನ್ನು ನೋಡಲು ನ್ಯೂಜೆರ್ಸಿಗೆ ಹೋಗುವ ಕನ್ನಡದ ತಂದೆತಾಯಿಗಳು ಒಂದು ದಿನ ಫಿಲಡೆಲ್ಫಿಯಾಕ್ಕೂ ಹೋಗಿ ಲಿಬರ್ಟಿ ಬೆಲ್ ನೋಡಿ ಬರುವುದುಂಟು. ಗಂಟೆಯ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಅಲ್ಲೇ ಸಿಕ್ಸ್ತ್ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ಹತ್ತು ಹದಿನೈದು ನಿಮಿಷ ನಡೆಯಿರಿ. ಲೊಂಬಾರ್ಡ್ ಸ್ಟ್ರೀಟಿನ ಮೂಲೆಯಲ್ಲಿ ಕಲ್ಲಿನ ದೊಡ್ಡ ಚರ್ಚು ಸಿಗುತ್ತದೆ. ಅದೇ ನಿವೇಶನದ ಮೇಲೆ ಎದ್ದ ನಾಲ್ಕನೆಯ ಕಟ್ಟಡ ಅದು. ಕೆಳಗೆ ಪುಟ್ಟ ಸಂಗ್ರಹಾಲಯವೂ ರಿಚರ್ಡ್ ಮತ್ತು ಸಾರಾ ಅಲೆನ್ ದಂಪತಿಯ ಸಮಾಧಿಯೂ ಇವೆ. ತೆರೆದಿರುವ ವೇಳೆ ಮೊದಲೇ ವಿಚಾರಿಸಿಕೊಂಡು ಹೋಗಿ.